ಪ್ಲಾಟಿನಂ ಮದುವೆ ಉಂಗುರ ಮಾಡುವ ಬಗೆ: ಚಿನ್ನದ ಕೆಲಸ ಬಲ್ಲವರಿಗೊಂದು ಸಮಗ್ರ ಮಾರ್ಗದರ್ಶಿ

ಮೈಸೂರಿನ ಅಶೋಕ ರಸ್ತೆಗೆ ಮದುವೆ ಒಡವೆ ಕೊಳ್ಳಲು ಬರುವವರು ತಾಳಿ, ಬಳೆ, ಸರ ಎಲ್ಲವನ್ನೂ ಚಿನ್ನದಲ್ಲೇ ಕೇಳುತ್ತಾರೆ. ಉಂಗುರದ ಮಾತು ಬಂದಾಗ ಮಾತ್ರ ಹುಡುಗ, ಹುಡುಗಿ ಇಬ್ಬರೂ "ಪ್ಲಾಟಿನಂ ಜೋಡಿ ಉಂಗುರ ಇದೆಯಾ?" ಅನ್ನುತ್ತಾರೆ. ಮಂಡ್ಯ, ಮದ್ದೂರು ಕಡೆಯಿಂದ ಬರುವವರೂ ಹೀಗೇ. ಅಂಗಡಿಯವರು ಸಾಮಾನ್ಯವಾಗಿ ಹೊರಗಿನ ಫ್ಯಾಕ್ಟರಿಯಿಂದ ಬಂದ ಉಂಗುರವನ್ನು ಟ್ರೇಯಿಂದ ತೆಗೆದು ತೋರಿಸುತ್ತಾರೆ. ಅದೇ ಬೀದಿಯ ಹಿಂದಿನ ಗಲ್ಲಿಯಲ್ಲಿ ತಲೆಮಾರುಗಳಿಂದ ಚಿನ್ನ ಬಡಿದ ಕೈಗಳಿವೆ. ಆ ಕೈಗಳಿಗೆ ಈ ಕೆಲಸ ಖಂಡಿತ ಸಾಧ್ಯ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಉಂಗುರ ಕೊಳ್ಳುವವರು ಓದಿದರೂ ಲಾಭವೇ. ತಾವು ಕೊಡುವ ದುಡ್ಡಿಗೆ ಒಳಗೆ ಏನು ನಡೆದಿದೆ ಅಂತ ಗೊತ್ತಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹರಳು, ಕೆತ್ತನೆ ಏನೂ ಇಲ್ಲದ ಸಾದಾ ಉಂಗುರವನ್ನು ಎರಕ ಹೊಯ್ದು ಮಾಡಬಾರದು. ಬಡಿದು, ರೋಲಿಂಗ್ ಮಾಡಿ ಬಿಗಿಯಾದ ಲೋಹದಿಂದಲೇ ಮಾಡಬೇಕು. ಅಂಥ ಉಂಗುರ ಗಟ್ಟಿಯಾಗಿರುತ್ತದೆ, ಪಾಲಿಶ್ ಚೆನ್ನಾಗಿ ಹಿಡಿಯುತ್ತದೆ, ಇಪ್ಪತ್ತು ವರ್ಷ ಕಳೆದ ಮೇಲೂ ದುಂಡಗೇ ಇರುತ್ತದೆ. ಎರಕಕ್ಕೆ ಅದರದ್ದೇ ಜಾಗ ಇದೆ. ಅದನ್ನು ಮುಂದೆ ನೋಡೋಣ.

ಮೊದಲು ಲೋಹದ ಗುಣ ತಿಳಿಯಿರಿ

ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಪ್ಲಾಟಿನಂ ಕರಗಲು 1768 ಡಿಗ್ರಿ ಬೇಕು. ಈ ಏಳುನೂರು ಡಿಗ್ರಿ ವ್ಯತ್ಯಾಸದಿಂದಲೇ ಮೂಸೆ, ಗ್ಯಾಸು, ಕನ್ನಡಕ ಎಲ್ಲವೂ ಬದಲಾಗುತ್ತವೆ.

ಎರಡನೆಯದು ತೂಕ. ಶುದ್ಧ ಪ್ಲಾಟಿನಂನ ಸಾಂದ್ರತೆ ಘನ ಸೆಂಟಿಮೀಟರಿಗೆ 21.45 ಗ್ರಾಂ. ಒಳವ್ಯಾಸ 18 ಮಿ.ಮೀ., ಅಗಲ 5, ದಪ್ಪ 1.8 ಇರುವ ಸಾದಾ ಉಂಗುರ ತಗೊಳ್ಳಿ. 18 ಕ್ಯಾರೆಟ್ ಚಿನ್ನದಲ್ಲಿ ಅದು ಸುಮಾರು 8.7 ಗ್ರಾಂ, 22 ಕ್ಯಾರೆಟ್‌ನಲ್ಲಿ 10 ಗ್ರಾಂ ಹತ್ತಿರ, ಒಡವೆಗೆ ಬಳಸುವ ಬೆರಕೆ ಪ್ಲಾಟಿನಂನಲ್ಲಿ 11.6 ಗ್ರಾಂ ಆಗುತ್ತದೆ. ಗಿರಾಕಿಗೆ ರೇಟು ಹೇಳುವಾಗ ಇದನ್ನು ಮರೆಯಬೇಡಿ. ಚಿನ್ನದ ಉಂಗುರದ ತೂಕ ನೋಡಿ ಅಂದಾಜು ಹೇಳಿದರೆ ಲೆಕ್ಕ ತಪ್ಪುತ್ತದೆ.

ಮೂರನೆಯದು, ಕಾಯಿಸಿದರೆ ಪ್ಲಾಟಿನಂ ಕಪ್ಪಾಗುವುದಿಲ್ಲ. ಹಾಗಾಗಿ ಬಿಳಿಗಾರ ಬೇಡ, ಆಮೇಲೆ ಆಸಿಡ್‌ನಲ್ಲಿ ಕುದಿಸಿ ಕಪ್ಪು ತೆಗೆಯುವ ಕೆಲಸವೂ ಇಲ್ಲ. ಹೊಸದಾಗಿ ಕಲಿಯಲು ಕೂತವರು "ಅಣ್ಣಾ, ಬಿಳಿಗಾರ ಹಾಕದೆ ಬೆಸುಗೆ ಹೇಗೆ ಹರಿಯುತ್ತೆ?" ಅಂತ ಕೇಳುವುದು ಸಹಜ. ಲೋಹದ ಮೇಲೆ ಪೊರೆಯೇ ಕಟ್ಟುವುದಿಲ್ಲವಲ್ಲ, ತಾನಾಗಿಯೇ ಹರಿಯುತ್ತದೆ.

ನಾಲ್ಕನೆಯದು ಶಾಖದ ಓಟ. ಚಿನ್ನ, ಬೆಳ್ಳಿಗೆ ಹೋಲಿಸಿದರೆ ಪ್ಲಾಟಿನಂನಲ್ಲಿ ಶಾಖ ತುಂಬ ನಿಧಾನವಾಗಿ ಹರಡುತ್ತದೆ. ಚಿನ್ನದ ಉಂಗುರಕ್ಕೆ ಬೆಸುಗೆ ಹಾಕಲು ಪೂರ್ತಿ ಉಂಗುರವನ್ನು ಕಾಯಿಸುತ್ತೇವೆ, ಅಲ್ವಾ? ಇಲ್ಲಿ ಉರಿಯನ್ನು ಕೂಡುವ ಜಾಗಕ್ಕೇ ಹಿಡಿದರೆ ಸಾಕು. ಲೇಸರ್ ವೆಲ್ಡಿಂಗ್ ಈ ಲೋಹಕ್ಕೆ ಚೆನ್ನಾಗಿ ಒಗ್ಗುವುದಕ್ಕೂ ಇದು ಕಾರಣ.

ಯಾವ ಬೆರಕೆ ತಗೊಳ್ಳಬೇಕು?

ಒಡವೆಗೆ ಬಳಸುವುದು ಸಾಮಾನ್ಯವಾಗಿ 950 ಪ್ಲಾಟಿನಂ. ಅಂದರೆ ಸಾವಿರಕ್ಕೆ 950 ಭಾಗ ಪ್ಲಾಟಿನಂ, ಉಳಿದ 50 ಭಾಗ ಬೇರೆ ಲೋಹ. ಆ ಐವತ್ತು ಭಾಗ ಯಾವುದು ಅನ್ನುವುದರ ಮೇಲೆ ಕೆಲಸದ ಸ್ವಭಾವವೇ ಬದಲಾಗುತ್ತದೆ.

ಬಡಿದು ಮಾಡುವ ಉಂಗುರಕ್ಕೆ, ಲೇತ್‌ನಲ್ಲಿ ಕಡೆಯುವ ಉಂಗುರಕ್ಕೆ ರುಥೇನಿಯಂ ಬೆರೆತದ್ದು ಒಳ್ಳೆಯದು. ಮೆದು ಮಾಡಿದ ಸ್ಥಿತಿಯಲ್ಲೂ ಅದರ ಗಡಸುತನ ವಿಕರ್ಸ್ ಅಳತೆಯಲ್ಲಿ 130ರ ಆಸುಪಾಸು. ಇರಿಡಿಯಂ ಬೆರೆತ 950 ಅಷ್ಟು ಗಡಸಲ್ಲ, 80ರ ಹತ್ತಿರ. ಕೈಯಲ್ಲಿ ಬಗ್ಗಿಸಲು, ಹರಳು ಕೂರಿಸಲು ಹಿತ. ಆದರೆ ದಿನಾ ಗಾಡಿ ಹ್ಯಾಂಡಲ್ ಹಿಡಿಯುವ, ಗದ್ದೆ ಕೆಲಸ ಮಾಡುವ ಕೈಗೆ ಸಾದಾ ಉಂಗುರ ಬೇಕೆಂದರೆ ನಾನು ಇರಿಡಿಯಂ ಕೊಡುವುದಿಲ್ಲ. ಕೋಬಾಲ್ಟ್ ಬೆರೆತದ್ದು ಎರಕಕ್ಕೆ ಹೇಳಿ ಮಾಡಿಸಿದ್ದು. ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತದೆ. ಆದರೆ ಅದಕ್ಕೆ ಅಯಸ್ಕಾಂತ ಸ್ವಲ್ಪ ಅಂಟುತ್ತದೆ. ಇದನ್ನು ಗಿರಾಕಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಅಯಸ್ಕಾಂತ ಹಿಡಿದು ನೋಡಿ, ಕಬ್ಬಿಣ ಬೆರೆಸಿದ್ದಾರೆ ಅಂತ ಅಂಗಡಿಗೆ ಬರುತ್ತಾರೆ.

ಜೋಡಿ ಉಂಗುರ ಮಾಡುವಾಗ ಎರಡಕ್ಕೂ ಒಂದೇ ಗಟ್ಟಿಯಿಂದ ಲೋಹ ತೆಗೆಯಿರಿ. ಬಣ್ಣ, ಹೊಳಪು, ಸವೆತ ಎರಡರಲ್ಲೂ ಒಂದೇ ಥರ ಇರುತ್ತದೆ.

ಕೆಲಸದ ಜಾಗ: ಅರ್ಧ ಕೆಲಸ ಇಲ್ಲೇ ಇದೆ

ಚಿನ್ನದ ಕೆಲಸ ಮಾಡುವ ಮಣೆಯ ಮೇಲೆಯೇ ಪ್ಲಾಟಿನಂ ಇಟ್ಟರೆ ತೊಂದರೆ ಶುರು. ಪ್ಲಾಟಿನಂಗೆ ಬೇರೆ ಅರ, ಬೇರೆ ಗರಗಸ, ಬೇರೆ ಬಫ್, ಪುಡಿ ಹಿಡಿಯುವ ಬೇರೆ ತಟ್ಟೆ ಇರಲಿ. ಬಿಡುವಾದಾಗ ಹೊಂದಿಸೋಣ ಅನ್ನುವ ಮಾತು ಬೇಡ, ಮೊದಲ ದಿನದಿಂದಲೇ ಇರಲಿ.

ಕಾರಣ ಹೀಗಿದೆ. ಪ್ಲಾಟಿನಂ ಮೇಲೆ ಚಿನ್ನದ ಒಂದು ಕಣ ಕೂತಿದೆ ಅಂದುಕೊಳ್ಳಿ. ನೀವು ಉಂಗುರವನ್ನು ಬೆಸುಗೆಯ ಶಾಖಕ್ಕೆ ಕಾಯಿಸಿದಾಗ ಆ ಕಣ ಕರಗಿ ಪ್ಲಾಟಿನಂ ಒಳಕ್ಕೆ ಇಳಿಯುತ್ತದೆ. ಹಳದಿ ಕಲೆ ಬೀಳುತ್ತದೆ, ಕೆಲವೊಮ್ಮೆ ಗುಳಿಯೇ ಬೀಳುತ್ತದೆ. ಸೀಸ, ಅಲ್ಯೂಮಿನಿಯಂ, ಗಂಧಕ, ರಂಜಕ, ಸಿಲಿಕಾನ್ ಇವು ಇನ್ನೂ ಕೆಟ್ಟವು. ಇವು ಸೇರಿದ ಜಾಗದಲ್ಲಿ ಲೋಹ ಪೆಡಸಾಗಿ, ಸುತ್ತಿಗೆ ಏಟಿಗೆ ಬಿರುಕು ಬಿಡುತ್ತದೆ. ರೋಲಿಂಗ್ ಮಷಿನ್ನಿನ ಉಕ್ಕಿನಿಂದ ಕಬ್ಬಿಣದ ಅಂಶವೂ ಮೈಗೆ ಹತ್ತಿರುತ್ತದೆ. ಹಾಗಾಗಿ ಪ್ರತಿ ಸಲ ಕಾಯಿಸುವ ಮುಂಚೆ ತುಂಡನ್ನು ನೀರು ಬೆರೆಸಿ ತೆಳು ಮಾಡಿದ, ಬೆಚ್ಚಗಿನ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದಿ, ಚೆನ್ನಾಗಿ ತೊಳೆದು, ಒರೆಸಿ. ಆಸಿಡ್ ಕೆಲಸ ಗಾಳಿ ಆಡುವ ಕಡೆ, ಕೈಗವಸು ಹಾಕಿಕೊಂಡೇ ಮಾಡಿ. ಪ್ಲಾಟಿನಂಗೆ ಈ ಆಸಿಡ್‌ನಿಂದ ಏನೂ ಆಗುವುದಿಲ್ಲ.

ಇದ್ದಲ ತುಂಡಿನ ಮೇಲೆ ಇಟ್ಟು ಕಾಯಿಸುವ ಅಭ್ಯಾಸ ಬಿಡಬೇಕು. ಇದ್ದಲು, ಗ್ರಾಫೈಟ್ ಮೂಸೆ ಎರಡೂ ಕೂಡದು, ಇಂಗಾಲ ಈ ಲೋಹಕ್ಕೆ ಶತ್ರು. ಮೇಲೆ ಹೇಳಿದ ಸಿಲಿಕಾನ್ ಕೂಡ ಇಂಗಾಲದ ಜೊತೆಯಲ್ಲೇ ಬರುತ್ತದೆ. ಮಸಿ ತುಂಬಿದ ಹಳದಿ ಉರಿ ಹಿಡಿದರೆ ಸಿಲಿಕಾ ಮೂಸೆಯಿಂದಲೇ ಸಿಲಿಕಾನ್ ಬಿಡಿಸಿಕೊಂಡು ಲೋಹಕ್ಕೆ ಸೇರುತ್ತದೆ. ಉರಿಯಲ್ಲಿ ಆಕ್ಸಿಜನ್ ಯಾವಾಗಲೂ ಒಂದು ಕೈ ಜಾಸ್ತಿ ಇರಲಿ. ನೀಲಿ ತುದಿ ಚೂಪಾಗಿ, ಬುಸ್ಸೆಂದು ಸದ್ದು ಮಾಡುತ್ತಿರಬೇಕು. ಅಸಿಟಿಲಿನ್ ಗ್ಯಾಸು ಬೇಡವೇ ಬೇಡ. ಹೈಡ್ರೋಜನ್ ಜೊತೆ ಆಕ್ಸಿಜನ್ ಸೇರಿಸಿದ ಉರಿ ಎಲ್ಲಕ್ಕಿಂತ ಶುದ್ಧ. ಸಣ್ಣ ಕೆಲಸಕ್ಕೆ ಪ್ರೊಪೇನ್ ಜೊತೆ ಆಕ್ಸಿಜನ್ ಸಾಕು.

ಬಿಸಿ ಲೋಹ ಹಿಡಿಯಲು ಉಕ್ಕಿನ ಚಿಮಟ ಬಳಸಬೇಡಿ. ಟಂಗ್‌ಸ್ಟನ್ ಅಥವಾ ಸೆರಾಮಿಕ್ ತುದಿಯ ಚಿಮಟ ಬೇಕು.

ಕಣ್ಣಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಈ ಶಾಖದಲ್ಲಿ ಲೋಹ ಬಿಳಿ ಬೆಳಕು ಉಗುಳುತ್ತದೆ. ಬರಿಗಣ್ಣಲ್ಲಿ ನೋಡಿದರೆ ಕಣ್ಣಿಗೆ ಪೆಟ್ಟು. ಕರಗಿಸುವಾಗ 10ನೇ ನಂಬರಿನ ವೆಲ್ಡಿಂಗ್ ಗಾಜು, ಬೆಸುಗೆ ಹಾಕುವಾಗ 7ನೇ ನಂಬರಿನದ್ದು ಕಡ್ಡಾಯ. ಪಕ್ಕದಲ್ಲಿ ನಿಂತು ನೋಡುವ ಹುಡುಗರಿಗೂ ಕೊಡಿ.

ಕೈಯಲ್ಲಿ ಮಾಡುವ ವಿಧಾನ, ಹಂತ ಹಂತವಾಗಿ

ಮೇಲೆ ಹೇಳಿದ ಉಂಗುರವನ್ನೇ ಮಾಡೋಣ. ಒಳವ್ಯಾಸ 18, ಅಗಲ 5, ದಪ್ಪ 1.8.

ಹಂತ 1, ಲೆಕ್ಕ. ಒಳವ್ಯಾಸಕ್ಕೆ ದಪ್ಪ ಕೂಡಿಸಿ 3.14ರಿಂದ ಗುಣಿಸಿದರೆ ಪಟ್ಟಿಯ ಉದ್ದ ಸಿಗುತ್ತದೆ. 18 ಮತ್ತು 1.8 ಸೇರಿ 19.8, ಗುಣಿಸಿದರೆ 62.2 ಮಿ.ಮೀ. ಇದು ಮುಗಿದ ಉಂಗುರದ ಲೆಕ್ಕ. ಅರ ಹಾಕಲು, ಪಾಲಿಶ್‌ಗೆ ಲೋಹ ಬಿಡಬೇಕು. ಹಾಗಾಗಿ ಒಳವ್ಯಾಸ 17.8, ದಪ್ಪ 2.1, ಅಗಲ 5.3 ಇಟ್ಟುಕೊಳ್ಳಿ. ಪಟ್ಟಿಯ ಉದ್ದ 62.5 ಬರುತ್ತದೆ, ತೂಕ ಸುಮಾರು 14.4 ಗ್ರಾಂ. ಮುಗಿದ ಉಂಗುರ 11.6 ಗ್ರಾಂ, ಅಂಚುಗಳನ್ನು ದುಂಡು ಮಾಡಿದರೆ ಇನ್ನೂ ಸ್ವಲ್ಪ ಕಡಿಮೆ. ನಡುವಿನ ಮೂರು ಗ್ರಾಂ ನಿಮ್ಮ ತಟ್ಟೆಯಲ್ಲಿ ಪುಡಿಯಾಗಿ ಇರಲೇಬೇಕು. ಚಿನ್ನದ ಪುಡಿ ಬೆರೆಯದಿದ್ದರೆ ಶುದ್ಧ ಮಾಡುವವರು ಅದಕ್ಕೆ ಸರಿಯಾದ ಬೆಲೆ ಕೊಡುತ್ತಾರೆ.

ಹಂತ 2, ಕರಗಿಸುವುದು. ರೋಲ್ ಮಾಡಿದ ಪಟ್ಟಿಯೇ ಸಿಕ್ಕರೆ ಈ ಹಂತ ಬಿಟ್ಟುಬಿಡಿ. ಮೊದಲ ಉಂಗುರಕ್ಕಂತೂ ಪಟ್ಟಿ ತರಿಸಿಕೊಳ್ಳುವುದೇ ಜಾಣತನ. ಕರಗಿಸಲೇಬೇಕಾದರೆ ತೊಳೆದು ಒಣಗಿಸಿದ ತುಂಡುಗಳನ್ನು ಸಿಲಿಕಾ ಮೂಸೆಯಲ್ಲಿ ಒತ್ತೊತ್ತಾಗಿ ಇಡಿ. ಉರಿ ಮೇಲಿನಿಂದ ನೇರ ಬೀಳಲಿ. ತುಂಡುಗಳು ಕೂಡಿ, ಮೇಲ್ಮೈ ಕನ್ನಡಿಯಂತೆ ಹೊಳೆದು, ಗುಂಡಾಗಿ ಹೊರಳಾಡಿದ ಮೇಲೂ ಕೆಲವು ಕ್ಷಣ ಉರಿ ಹಿಡಿಯಿರಿ. ಆಮೇಲೆ ಗಟ್ಟಿಯಾಗಲು ಬಿಟ್ಟು, ತಿರುಗಿಸಿ ಕೆಳಬದಿಯನ್ನೂ ಕರಗಿಸಿ. ಕೆಳಗೆ ಪೂರ್ತಿ ಕರಗದ ತುಂಡು ಉಳಿದರೆ ಅದು ರೋಲಿಂಗ್‌ನಲ್ಲಿ ಪದರ ಬಿಡುತ್ತದೆ.

ಹಂತ 3, ಬಡಿಯುವುದು. ಗುಂಡನ್ನು ಕಿತ್ತಳೆ ಬಣ್ಣಕ್ಕೆ ಕಾಯಿಸಿ, ಒರೆಸಿಟ್ಟ ಅಡಿಗಲ್ಲಿನ ಮೇಲೆ ಬಿಸಿಯಿರುವಾಗಲೇ ಬಡಿದು ಚೌಕ ಕಂಬಿ ಮಾಡಿ. ಬಿಸಿ ಏಟಿಗೆ ಒಳಗಿನ ಸಣ್ಣ ತೂತುಗಳು ಮುಚ್ಚಿಕೊಳ್ಳುತ್ತವೆ. ಪ್ಲಾಟಿನಂ ಕರಗಿಸುವಷ್ಟು ಶಾಖವೇ ಸಿಗದ ಕಾಲದಲ್ಲಿ, 19ನೇ ಶತಮಾನದ ಶುರುವಿನಲ್ಲಿ, ಇಂಗ್ಲೆಂಡಿನ ವಿಲಿಯಂ ಹೈಡ್ ವೊಲಾಸ್ಟನ್ ಪ್ಲಾಟಿನಂ ಪುಡಿಯನ್ನು ಒತ್ತಿ, ಕಾಯಿಸಿ, ಬಡಿದೇ ಗಟ್ಟಿ ಮಾಡುತ್ತಿದ್ದರು. ಸುತ್ತಿಗೆಗೆ ಈ ಲೋಹ ಎಷ್ಟು ಚೆನ್ನಾಗಿ ಬಗ್ಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಂತ 4, ರೋಲಿಂಗ್ ಮತ್ತು ಮೆದು ಮಾಡುವುದು. ದಪ್ಪ ಸುಮಾರು ಅರ್ಧಕ್ಕೆ ಇಳಿಯುವವರೆಗೆ ತಣ್ಣಗೆ ರೋಲ್ ಮಾಡಿ. ಆಮೇಲೆ ಆಸಿಡ್‌ನಲ್ಲಿ ಅದ್ದಿ, ತೊಳೆದು, ಸಾವಿರ ಡಿಗ್ರಿ ಹತ್ತಿರ ಕಾಯಿಸಿ. ಚಿನ್ನವನ್ನು ಮಂದ ಕೆಂಪಿಗೆ ಕಾಯಿಸಿ ಬಿಡುವವರಿಗೆ ಇದು ಜಾಸ್ತಿ ಅನ್ನಿಸುತ್ತದೆ. ಕೆಂಪು ಸಾಲದು, ಕಿತ್ತಳೆ ಬಣ್ಣ ಬರಬೇಕು, ಆ ಬಣ್ಣದಲ್ಲಿ ಮೂರರಿಂದ ಐದು ನಿಮಿಷ ನಿಲ್ಲಬೇಕು. ಅರೆಬರೆ ಕಾಯಿಸಿದರೆ ಹೊರಗೆ ಮೆದು, ಒಳಗೆ ಬಿಗಿ ಆಗಿ, ಬಗ್ಗಿಸುವಾಗ ಅಂಚು ಸೀಳುತ್ತದೆ. ಪಟ್ಟಿಯ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಅಲ್ಲೇ ನಿಲ್ಲಿಸಿ ಅರದಿಂದ ತೆಗೆದುಬಿಡಿ. ಮುಂದುವರಿಸಿದರೆ ಅದು ಉದ್ದವಾಗುತ್ತಲೇ ಹೋಗುತ್ತದೆ.

ಹಂತ 5, ಬಗ್ಗಿಸುವುದು. ಉಂಗುರದ ಕಡ್ಡಿಗೆ ಸುತ್ತಿ, ಚರ್ಮದ ಅಥವಾ ನೈಲಾನ್ ಸುತ್ತಿಗೆಯಿಂದ ತಟ್ಟಿ. ಈಗಲೇ ದುಂಡಾಗಬೇಕಿಲ್ಲ, ಎರಡು ತುದಿ ನೇರವಾಗಿ ಕೂಡಿದರೆ ಸಾಕು. ಕೂಡಿದ ಗೆರೆಯ ಮೇಲೆ ಗರಗಸ ಒಂದು ಸಲ ಓಡಿಸಿ ಮತ್ತೆ ಒತ್ತಿ ಕೂಡಿಸಿ. ಎರಡೂ ಮುಖ ಸಮ ಆಗುತ್ತವೆ. ಆಮೇಲೆ ದೀಪದ ಎದುರು ಹಿಡಿದು ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್‌ನಲ್ಲಿ ನೋಡಿ. ಬೆಳಕಿನ ಒಂದು ಎಳೆ ಕಂಡರೂ ಕೂಡಿಕೆ ಸರಿಯಿಲ್ಲ. ಪ್ಲಾಟಿನಂ ಬೆಸುಗೆ ಸಂದು ತುಂಬುವುದಿಲ್ಲ. ಚಿನ್ನದಲ್ಲಿ ಹೇಗೋ ಮುಚ್ಚಿಹೋಗುವ ಸಂದು ಇಲ್ಲಿ ಕೊನೆಯ ಪಾಲಿಶ್‌ನಲ್ಲಿ ಕಪ್ಪು ಗೆರೆಯಾಗಿ ಎದ್ದು ನಿಲ್ಲುತ್ತದೆ.

ಹಂತ 6, ಕೂಡಿಸುವುದು. ಇದಕ್ಕೆ ಮೂರು ದಾರಿ ಇವೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಉಂಗುರದ ಆಯುಸ್ಸು ಇರುವುದು ಈ ಗೆರೆಯಲ್ಲಿ.

ಮೊದಲನೆಯದು ಬೆಸುಗೆ. ಪ್ಲಾಟಿನಂ ಬೆಸುಗೆಗಳಿಗೆ 1300, 1500, 1700 ಅಂತ ಹೆಸರು. ಅದು ಹರಿಯುವ ಶಾಖದ ಅಂದಾಜು. ನಂಬರು ಇಳಿದಷ್ಟೂ ಬಣ್ಣ ಬೇರೆಯಾಗಿ ಕಾಣುತ್ತದೆ, ಸವೆತವೂ ಬೇಗ. ಸಾದಾ ಉಂಗುರಕ್ಕೆ ಬೆಸುಗೆಯನ್ನೇ ಹಾಕುವುದಾದರೆ 1700ಕ್ಕಿಂತ ಕೆಳಗಿನದ್ದು ಬೇಡ. ಎರಡನೆಯದು ಅದೇ ಲೋಹದಿಂದ ಕರಗಿಸಿ ಕೂಡಿಸುವುದು. ಅದೇ ಬೆರಕೆಯನ್ನು 0.2 ಮಿ.ಮೀ. ತೆಳ್ಳಗೆ ರೋಲ್ ಮಾಡಿ, ಸಂದಿನೊಳಗೆ ಬಿಗಿಯಾಗಿ ಸಿಕ್ಕಿಸಿ. ಎರಡೂ ಕಡೆ ಚೂರು ಹೊರಗೆ ಚಾಚಿರಲಿ. ಸಣ್ಣ ನಳಿಗೆಯಿಂದ ಚೂಪಾದ ಉರಿಯನ್ನು ಆ ಗೆರೆಗೇ ಹಿಡಿಯಿರಿ. ತೆಳು ಹಾಳೆ ಮೊದಲು ಕರಗಿ, ಎರಡೂ ಮುಖಗಳನ್ನು ಎಳೆದುಕೊಂಡು ಒಂದಾಗುತ್ತದೆ. ಗಾಜಿನ ಮೂಲಕ ನೋಡುತ್ತಿದ್ದರೆ ಆ ಕ್ಷಣ ಗೆರೆ ಮಿಂಚಿ ಮಾಯವಾಗುವುದು ಕಾಣುತ್ತದೆ. ಥಟ್ಟನೆ ಉರಿ ತೆಗೆಯಿರಿ. ಈ ಕೂಡಿಕೆಯಲ್ಲಿ ಬಣ್ಣದ ಭೇದವೇ ಇರುವುದಿಲ್ಲ, 950 ಅನ್ನುವ ಶುದ್ಧತೆಗೂ ಕುಂದಿಲ್ಲ. ನನಗೆ ಮೆಚ್ಚುಗೆಯಾದದ್ದು ಇದೇ.

ಮೂರನೆಯದು ಲೇಸರ್. ಮಷಿನ್ ಇರುವ ಕಡೆ ಕೊಟ್ಟು ಮಾಡಿಸಬಹುದು. ಒಂದು ಎಚ್ಚರ ಮುಖ್ಯ. ಲೇಸರ್ ಮೇಲೆ ಮೇಲೆ ಮಾತ್ರ ಕೂಡಿಸಿದರೆ ನಡುವಿನ ಲೋಹ ಕೂಡದೆ ಹಾಗೇ ಇರುತ್ತದೆ. ನೋಡಲು ಚೆನ್ನಾಗಿರುತ್ತದೆ. ಉಂಗುರ ಹಿಗ್ಗಿಸುವ ದಿನ ಪಟ್ ಎಂದು ಬಿಡುತ್ತದೆ. ಒಳಗಿನಿಂದ, ಹೊರಗಿನಿಂದ ಎರಡೂ ಕಡೆ ಇಂಗ್ಲಿಷಿನ ವಿ ಆಕಾರದ ಕಾಲುವೆ ಅರೆದು, ತಳದಿಂದ ಅದೇ ಬೆರಕೆಯ ತಂತಿಯಿಂದ ಪದರ ಪದರವಾಗಿ ತುಂಬಿಸಿ ಅಂತ ಸ್ಪಷ್ಟವಾಗಿ ಹೇಳಿ ಕೊಡಿ.

ಹಂತ 7, ದುಂಡು ಮಾಡುವುದು. ಕೂಡಿಸಿದ ಜಾಗ ಮತ್ತೆ ಎರಕದ ಲೋಹದಂತೆ ಮೆದುವಾಗಿರುತ್ತದೆ. ಅಲ್ಲಿ ನಯ ಮುಖದ ಸುತ್ತಿಗೆಯಿಂದ ಒತ್ತೊತ್ತಾಗಿ ಬಡಿದು ಬಿಗಿ ಮಾಡಿ. ಒಮ್ಮೆ ಪೂರ್ತಿ ಮೆದು ಮಾಡಿ, ಕಡ್ಡಿಗೆ ಏರಿಸಿ ದುಂಡಾಗುವವರೆಗೆ ಬಡಿಯಿರಿ. ಕಡ್ಡಿ ಒಂದು ಕಡೆ ಸಣ್ಣ, ಒಂದು ಕಡೆ ದಪ್ಪ ಇರುವುದರಿಂದ ಉಂಗುರವನ್ನು ಆಗಾಗ ತಿರುಗಿಸಿ ಹಾಕಿ. ಕೊನೆಯ ಅಳತೆಯನ್ನು ಹಿಗ್ಗಿಸುವ ಮಷಿನ್ನಿನಲ್ಲಿ ಸ್ವಲ್ಪ ಹಿಗ್ಗಿಸಿಯೇ ತನ್ನಿ. ಆ ಎಳೆತಕ್ಕೆ ಲೋಹ ಬಿಗಿಯಾಗುತ್ತದೆ, ಕೂಡಿಕೆಯ ಪರೀಕ್ಷೆಯೂ ಆಗುತ್ತದೆ. ಆಮೇಲೆ ಮತ್ತೆ ಕಾಯಿಸಬೇಡಿ. ಬಿಗಿಯಾದ ಉಂಗುರವೇ ಗಿರಾಕಿಯ ಬೆರಳಿಗೆ ಹೋಗಬೇಕು.

ಹಂತ 8, ಅರ ಹಾಕುವುದು. ಎರಡು ಬದಿಗಳನ್ನು ಮೊದಲು ಸಮ ಮಾಡಿ, ಆಮೇಲೆ ಹೊರಮೈ, ಕೊನೆಗೆ ಒಳಮೈ. ಒಳಗಿನ ಅಂಚುಗಳನ್ನು ಚೆನ್ನಾಗಿ ದುಂಡು ಮಾಡಿ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಬೆರಳು ಊದುತ್ತದೆ. ಒಳಗೆ ಬಾಗಿದ ಮೈ ಇದ್ದರೆ ಅಗಲದ ಉಂಗುರವೂ ಕಚ್ಚುವುದಿಲ್ಲ.

ಪಾಲಿಶ್: ಅವಸರ ಮಾಡಬಾರದ ಜಾಗ

ಚಿನ್ನದಲ್ಲಿ ಚಿಕ್ಕ ಗೀರು ಉಳಿದರೆ ಬಫ್ ಅದನ್ನು ತಿಂದು ಹಾಕುತ್ತದೆ. ಪ್ಲಾಟಿನಂನಲ್ಲಿ ಹಾಗಾಗುವುದಿಲ್ಲ. ಈ ಲೋಹ ಸುಲಭಕ್ಕೆ ಉದುರುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ ಅಷ್ಟೆ. ಬಫ್ ಗೀರನ್ನು ಅಳಿಸುವ ಬದಲು ಗೀರಿಗೇ ಹೊಳಪು ಕೊಡುತ್ತದೆ! ಹೊಳೆಯುವ ಗೀರು ಇನ್ನೂ ಎದ್ದು ಕಾಣುತ್ತದೆ.

ಹಾಗಾಗಿ ಗೀರು ತೆಗೆಯುವ ಕೆಲಸವೆಲ್ಲ ಉಪ್ಪುಕಾಗದದಲ್ಲೇ ಮುಗಿಯಬೇಕು. 400, 600, 800, 1200 ಹೀಗೆ ಏರುತ್ತಾ ಹೋಗಿ. ಪ್ರತಿ ನಂಬರಿಗೂ ದಿಕ್ಕು ಬದಲಿಸಿ, ಹಿಂದಿನ ಗೀರಿಗೆ ಅಡ್ಡವಾಗಿ ಉಜ್ಜಿ. ಹಿಂದಿನ ದಿಕ್ಕಿನ ಒಂದೇ ಒಂದು ಗೆರೆ ಲೂಪ್‌ನಲ್ಲಿ ಕಂಡರೂ ಮುಂದಿನ ನಂಬರಿಗೆ ಹೋಗಬೇಡಿ. ನಂಬರು ಬದಲಿಸುವಾಗ ಉಂಗುರ, ಕೈ ಎರಡನ್ನೂ ತೊಳೆಯಿರಿ. ದಪ್ಪ ನಂಬರಿನ ಒಂದು ಕಣ ಉಳಿದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಆಮೇಲೆ ಪ್ಲಾಟಿನಂಗೆಂದೇ ಬರುವ ಪಾಲಿಶ್ ಮಸಾಲೆಗಳು. ದಪ್ಪದಿಂದ ನಯದ ಕಡೆಗೆ ಎರಡು ಮೂರು ಹಂತ, 8000 ನಂಬರಿನವರೆಗೂ ಸಿಗುತ್ತವೆ. ಒಂದೊಂದಕ್ಕೂ ಒಂದೊಂದು ಬಫ್, ಅದರ ಮೇಲೆ ನಂಬರು ಬರೆದಿಡಿ. ಚಿನ್ನಕ್ಕೆ ಬಳಸುವ ಕೆಂಪು ರೂಜ್‌ನಿಂದ ಇಲ್ಲಿ ಹೆಚ್ಚು ಉಪಯೋಗವಿಲ್ಲ. ನಡುನಡುವೆ ಅಲ್ಟ್ರಾಸಾನಿಕ್‌ನಲ್ಲಿ ತೊಳೆಯಿರಿ. ಕನ್ನಡಿ ಹೊಳಪು ಬೇಡ, ಮಬ್ಬು ಸಾಕು ಅನ್ನುವ ಜೋಡಿಗೂ ಮೊದಲು 1200ರವರೆಗೆ ತಂದು ಆಮೇಲೆ ಮಬ್ಬು ಮಾಡಿ. ಮಬ್ಬಿನ ಕೆಳಗೆ ಗೀರು ಅಡಗುತ್ತದೆ ಅನ್ನುವುದು ಸುಳ್ಳು.

ಈ ಪಾಲಿಶ್ ಕೆಲಸಕ್ಕೆ ಚಿನ್ನಕ್ಕಿಂತ ಎಷ್ಟೋ ಪಟ್ಟು ಹೊತ್ತು ಹಿಡಿಯುತ್ತದೆ. ಮೇಕಿಂಗ್ ಚಾರ್ಜ್ ಜಾಸ್ತಿ ಯಾಕೆ ಅಂತ ಕೇಳುವವರಿಗೆ ಇದನ್ನು ತಾಳ್ಮೆಯಿಂದ ಹೇಳಬೇಕು. ನ್ಯಾಯವಾದ ಕೂಲಿ ಅದು.

ಕೊಳವೆಯಿಂದ, ಹಾಳೆಯಿಂದ

ಒಂದೇ ಥರದ ಸಾದಾ ಉಂಗುರಗಳು ತುಂಬ ಬೇಕಾದಾಗ ಫ್ಯಾಕ್ಟರಿಗಳು ಕೂಡಿಕೆಯೇ ಇಲ್ಲದ ಪ್ಲಾಟಿನಂ ಕೊಳವೆ ತಂದು, ಲೇತ್‌ನಲ್ಲಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷಿನ್ನಿನಲ್ಲಿ ಒಳಮೈ ಹೊರಮೈ ಕಡೆಯುತ್ತವೆ. ಕೂಡಿಕೆಯ ಗೆರೆಯ ಚಿಂತೆಯೇ ಇಲ್ಲ, ಅಳತೆ ನೂಲಿನಷ್ಟೂ ತಪ್ಪುವುದಿಲ್ಲ. ಸಾದಾ ಉಂಗುರಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅಂತಲೇ ಹೇಳಬೇಕು. ಕೈಕೆಲಸದವರು ಇದನ್ನು ಒಪ್ಪಿಕೊಳ್ಳಲು ಹಿಂಜರಿಯಬೇಕಿಲ್ಲ. ಒಂದೇ ಒಂದು ಜೋಡಿಗೆ, ಬೇಕಾದ ಅಗಲಕ್ಕೆ, ಬೇಕಾದ ಆಕಾರಕ್ಕೆ ಮಾಡಿಕೊಡುವಾಗ ಕೈಕೆಲಸವೇ ಮೇಲು.

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಲೇತ್ ಕೆಲಸ ಬಲ್ಲವರಿಗೆ ಬರವಿಲ್ಲ. ಮೆಟಗಳ್ಳಿಯ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಟೂಲ್, ಡೈ (ಉಕ್ಕಿನ ಅಚ್ಚು) ಕೆಲಸ ಕಲಿತು ಬಂದ ಹುಡುಗರೂ ಇದ್ದಾರೆ. ಆದರೆ ಉಕ್ಕು ಕಡೆಯುವ ಮಷಿನ್ನಿಗೆ ಪ್ಲಾಟಿನಂ ಹಾಕುವ ಮೊದಲು ಎರಡು ವಿಷಯ ಮಾತಾಡಿಕೊಳ್ಳಿ. ಈ ಲೋಹ ಟೂಲಿನ ತುದಿಗೆ ಅಂಟಿಕೊಳ್ಳುತ್ತದೆ, ತುದಿ ಬೇಗ ಮೊಂಡಾಗುತ್ತದೆ. ಹೊಸ, ನಯ ಮಾಡಿದ ಕಾರ್ಬೈಡ್ ತುದಿ ಮತ್ತು ಧಾರಾಳ ಕೂಲಂಟ್ ಬೇಕು. ಎರಡನೆಯದು, ಉದುರುವ ಸುರುಳಿ ಅಷ್ಟೂ ನಿಮ್ಮ ದುಡ್ಡು. ಮಷಿನ್ ಪೂರ್ತಿ ತೊಳೆಸಿ, ಕೂಲಂಟ್ ಸೋಸಲು ಬಟ್ಟೆ ಕಟ್ಟಿಸಿ, ಕೆಲಸ ಮುಗಿಯುವವರೆಗೆ ಅಲ್ಲೇ ಇದ್ದು, ಕೊಟ್ಟ ತೂಕಕ್ಕೂ ಬಂದ ತೂಕಕ್ಕೂ ತಾಳೆ ನೋಡಿ.

ಇನ್ನೊಂದು ಡೈ ಒತ್ತುವ ವಿಧಾನ. ದಪ್ಪ ಹಾಳೆಯಿಂದ ನಡುವೆ ತೂತಿರುವ ಬಿಲ್ಲೆ ಕತ್ತರಿಸಿ, ಇಳಿಜಾರು ಡೈಗಳಲ್ಲಿ ಹಂತ ಹಂತವಾಗಿ ಒತ್ತಿ ಮಲಗಿದ ಬಿಲ್ಲೆಯನ್ನು ನಿಂತ ಉಂಗುರ ಮಾಡುತ್ತಾರೆ. ಲೋಹ ತುಂಬ ಬಿಗಿಯಾಗುತ್ತದೆ. ಡೈ ಖರ್ಚು ಹುಟ್ಟಬೇಕಾದರೆ ಸಾಲು ಸಾಲು ಆರ್ಡರ್ ಬೇಕು. ಗಲ್ಲಿಯ ಕಾರ್ಖಾನೆಗೆ ಸರಿಹೊಂದದು.

ಎರಕ ಬೇಕಾದಾಗ

ಉಬ್ಬು ಚಿತ್ತಾರ, ಹರಳಿನ ಮನೆಗಳು, ಎರಡು ಉಂಗುರ ಸೇರಿಸಿದರೆ ಒಂದು ಆಕಾರ ಕೂಡುವಂಥ ವಿನ್ಯಾಸ ಇದ್ದರೆ ಎರಕವೇ ದಾರಿ. ಮೇಣದಲ್ಲಿ ಅಥವಾ ಕಂಪ್ಯೂಟರ್ ಚಿತ್ರದಿಂದ ರಾಳದಲ್ಲಿ ಮಾದರಿ ಮಾಡಿ, ಅದರ ಸುತ್ತ ಅಚ್ಚಿನ ಮಣ್ಣು ಹೊಯ್ದು, ಒಲೆಯಲ್ಲಿ ಮೇಣ ಸುಟ್ಟು, ಆ ಖಾಲಿ ಜಾಗಕ್ಕೆ ಲೋಹ ಬಿಡುವುದು. ಚಿನ್ನಕ್ಕೂ ಇದೇ ಕ್ರಮ. ವ್ಯತ್ಯಾಸ ಇರುವುದು ಮಣ್ಣಿನಲ್ಲಿ. ಚಿನ್ನಕ್ಕೆ ಬಳಸುವ ಜಿಪ್ಸಂ ಅಚ್ಚು ಪ್ಲಾಟಿನಂ ಶಾಖಕ್ಕೆ ಒಡೆದು, ಗಂಧಕದ ಅನಿಲ ಬಿಡುತ್ತದೆ. ಫಾಸ್ಫೇಟ್ ಅಂಟಿನ ಅಚ್ಚೇ ಬೇಕು. ಅದನ್ನು ತಯಾರಕರು ಹೇಳಿದ ತೂಕಕ್ಕೆ ಸರಿಯಾಗಿ ಕಲಸಿ, ರಾತ್ರಿಯೆಲ್ಲ ನಿಧಾನವಾಗಿ 900 ಡಿಗ್ರಿ ಹತ್ತಿರಕ್ಕೆ ಏರಿಸಬೇಕು.

ಕರಗಿದ ಪ್ಲಾಟಿನಂ ಕಣ್ಣು ಮಿಟುಕಿಸುವಷ್ಟರಲ್ಲಿ ಗಟ್ಟಿಯಾಗುತ್ತದೆ. ತಾನಾಗಿ ಹರಿದು ತುಂಬುವಷ್ಟು ಹೊತ್ತು ಅದಕ್ಕಿಲ್ಲ. ಅದಕ್ಕೇ ಇಂಡಕ್ಷನ್‌ನಲ್ಲಿ ಕರಗಿಸಿ, ಗಿರಗಿರ ತಿರುಗುವ ಮಷಿನ್ನಿನ ಬಲದಿಂದ ಅಚ್ಚಿಗೆ ತಳ್ಳುತ್ತಾರೆ. ಲೋಹ ಹೋಗುವ ಕಾಲುವೆ ದಪ್ಪ ಮತ್ತು ಗಿಡ್ಡ ಇರಬೇಕು, ಉಂಗುರದ ಅತಿ ದಪ್ಪ ಜಾಗಕ್ಕೇ ಸೇರಬೇಕು. ಕಾಲುವೆ ಮೊದಲೇ ಗಟ್ಟಿಯಾದರೆ ಉಂಗುರ ಕುಗ್ಗುವಾಗ ಅದಕ್ಕೆ ಲೋಹ ಸಿಗದೆ ಒಳಗೆ ತೂತು ಉಳಿಯುತ್ತದೆ. ಮಂಡ್ಯದ ಆಲೆಮನೆಯ ಅಚ್ಚುಬೆಲ್ಲ ಒಡೆದರೆ ಒಳಗೆ ಸಣ್ಣ ಸಣ್ಣ ತೂತು ಕಾಣುತ್ತವಲ್ಲ, ಅಂಥವೇ, ಆದರೆ ಸೂಜಿಮೊನೆಗಿಂತ ಚಿಕ್ಕವು. ಪಾಲಿಶ್ ಮಾಡಿದಷ್ಟೂ ಒಂದೊಂದಾಗಿ ಬಾಯಿ ಬಿಡುತ್ತವೆ. ಸಾದಾ ಉಂಗುರಕ್ಕೆ ಎರಕ ಬೇಡ ಅಂದದ್ದು ಇದಕ್ಕೇ. ವಿಶಾಲವಾದ ನಯ ಮೈಯಲ್ಲಿ ಇವನ್ನು ಮುಚ್ಚಲು ಜಾಗವೇ ಇಲ್ಲ.

ಫಾಸ್ಫೇಟ್ ಅಚ್ಚು ನೀರಿಗೆ ಕರಗುವುದಿಲ್ಲ. ದೊಡ್ಡ ಫ್ಯಾಕ್ಟರಿಗಳಲ್ಲಿ ಅದನ್ನು ತೆಗೆಯಲು ಹೈಡ್ರೋಫ್ಲೋರಿಕ್ ಆಸಿಡ್ ಬಳಸುವುದುಂಟು. ಅದನ್ನು ನಮ್ಮ ಸಣ್ಣ ಕಾರ್ಖಾನೆಗಳ ಹತ್ತಿರಕ್ಕೂ ತರಬೇಡಿ. ಚರ್ಮಕ್ಕೆ ತಾಗಿದರೆ ಮೂಳೆಯವರೆಗೂ ಇಳಿಯುತ್ತದೆ, ಜೀವಕ್ಕೇ ಅಪಾಯ. ಒಂದೆರಡು ಉಂಗುರಕ್ಕಾಗಿ ಈ ಎಲ್ಲ ಸಲಕರಣೆ ಹೂಡುವ ಬದಲು ಮಾದರಿಯನ್ನು ಪ್ಲಾಟಿನಂ ಎರಕದವರಿಗೆ ಕಳುಹಿಸಿ, ಒರಟು ಉಂಗುರ ತರಿಸಿಕೊಂಡು, ಹರಳು, ಪಾಲಿಶ್ ನೀವು ಮಾಡುವುದು ಸರಿ.

ಚಿನ್ನದ ಗೆರೆ ಬೇಕೆಂದರೆ

ಪ್ಲಾಟಿನಂ ನಡುವೆ ಚಿನ್ನದ ಪಟ್ಟಿ ಕೇಳುವವರು ನಮ್ಮಲ್ಲಿ ಬಹಳ. ಮನೆಯ ಹಿರಿಯರಿಗೆ ಉಂಗುರದಲ್ಲಿ ಒಂದಿಷ್ಟು ಹಳದಿ ಕಂಡರೆ ಸಮಾಧಾನ. ಪ್ಲಾಟಿನಂನ ಎಲ್ಲ ಕೂಡಿಕೆ, ಬಡಿತ, ಪಾಲಿಶಿನ ಮೊದಲ ಹಂತ ಮುಗಿಸಿ, ಕಾಲುವೆ ಕಡೆದು, ಚಿನ್ನವನ್ನು ಕಟ್ಟಕಡೆಗೆ ಕೂರಿಸಿ. ಚಿನ್ನ ಸೇರಿದ ಮೇಲೆ ಪ್ಲಾಟಿನಂ ಶಾಖದ ಉರಿ ಹಿಡಿಯುವ ಹಾಗಿಲ್ಲ. ಮೊದಲೇ ಹೇಳಿದಂತೆ ಚಿನ್ನ ಕರಗಿ ಪ್ಲಾಟಿನಂ ಒಳಕ್ಕೆ ಇಳಿದುಬಿಡುತ್ತದೆ. ಬೆಸುಗೆಯೇ ಇಲ್ಲದೆ, ಕಾಲುವೆಯ ತಳವನ್ನು ಸ್ವಲ್ಪ ಅಗಲ ಮಾಡಿ, ಮೆದು ಚಿನ್ನದ ತಂತಿಯನ್ನು ಬಡಿದು ಕೂರಿಸಿದರೆ ಇನ್ನೂ ಚೆನ್ನ.

ಮುದ್ರೆ ಮತ್ತು ಕೊಡುವ ಮುಂಚೆ

ಒಳಮೈಯಲ್ಲಿ ಪಿಟಿ950 ಅನ್ನುವ ಗುರುತು ಇರಬೇಕು. ಹೆಸರು, ಮದುವೆ ತಾರೀಕು ಬರೆಸುವುದಿದ್ದರೆ ಲೇಸರ್‌ನಲ್ಲಿ ಪಾಲಿಶ್ ಆದ ಮೇಲೆ ಬರೆಸಿ. ಡೈ ಹೊಡೆಯುವುದಾದರೆ ಪಾಲಿಶ್‌ಗೆ ಮುಂಚೆಯೇ ಹೊಡೆದು, ಮತ್ತೆ ದುಂಡು ನೋಡಿ. ಫ್ಯಾಕ್ಟರಿ ಉಂಗುರ ಕೊಳ್ಳುವವರು ಈ ಗುರುತಿನ ಜೊತೆ ಶುದ್ಧತೆಯ ಖಾತರಿ ಕಾರ್ಡ್ ಕೇಳಿ ಪಡೆಯಿರಿ. ಕಾರ್ಡಿನ ನಂಬರೂ ಉಂಗುರದ ಒಳಗಿನ ನಂಬರೂ ಒಂದೇ ಇದೆಯೇ ನೋಡಿ. ಬಿಳಿ ಚಿನ್ನವನ್ನು ಪ್ಲಾಟಿನಂ ಅಂತ ಭ್ರಮೆ ಪಡುವವರು ಇದ್ದಾರೆ. ಬಿಳಿ ಚಿನ್ನಕ್ಕೆ ಸಾಮಾನ್ಯವಾಗಿ ರೋಡಿಯಂ ಲೇಪ ಇರುತ್ತದೆ, ಅದು ಸವೆದಾಗ ಕೆಳಗಿನ ಹಳದಿ ಛಾಯೆ ಕಾಣುತ್ತದೆ. ಪ್ಲಾಟಿನಂ ಒಳಗೂ ಹೊರಗೂ ಒಂದೇ ಬಿಳುಪು.

ಹಾಕಿಕೊಂಡ ಕೆಲವು ತಿಂಗಳಿಗೆ ಕನ್ನಡಿ ಹೊಳಪು ಹೋಗಿ ಮಂಜು ಮಂಜು ಆಗುತ್ತದೆ ಅಂತ ಗಿರಾಕಿಗೆ ಹೇಳಿ ಕಳಿಸಿ. ಲೋಹ ಪಕ್ಕಕ್ಕೆ ಸರಿದಿರುತ್ತದೆ, ತೂಕ ಹೆಚ್ಚೇನೂ ಕಡಿಮೆಯಾಗಿರುವುದಿಲ್ಲ. ಬೇಕಾದಾಗ ತಂದರೆ ಮತ್ತೆ ಹೊಳಪು ಕೊಡಬಹುದು.

ಅಳತೆ ಬದಲಿಸಲು ಬಂದರೆ ಅರ್ಧ ಸೈಜಿನವರೆಗೆ ಹಿಗ್ಗಿಸಿದರೆ ಸಾಕು. ಅದಕ್ಕಿಂತ ಜಾಸ್ತಿ ಬೇಕಾದರೆ ಹಳೆಯ ಕೂಡಿಕೆಯ ಗೆರೆಯಲ್ಲೇ ಕತ್ತರಿಸಿ, ಅದೇ ಬೆರಕೆಯ ತುಂಡು ಸೇರಿಸಿ, 6ನೇ ಹಂತದಿಂದ ಮತ್ತೆ ಮಾಡಿ. ಅದಕ್ಕಾಗಿ ಪ್ರತಿ ಜೋಡಿ ಉಂಗುರ ಮುಗಿದಾಗಲೂ ಅದರ ಪಟ್ಟಿಯ ಚಿಕ್ಕ ತುಂಡೊಂದನ್ನು ಚೀಟಿಯಲ್ಲಿ ಕಟ್ಟಿ, ಬೆರಕೆಯ ಹೆಸರು, ಗಿರಾಕಿಯ ಬಿಲ್ ನಂಬರು ಬರೆದು ತೆಗೆದಿಡಿ.